ಡೀಸೆಲ್ ಗಾಡಿಗೆ ಕೆಂಪು ಔಷಧಿ

ಇವತ್ತು ಬೆಳಿಗ್ಗೆ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು.

ನೀವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಇದನ್ನು ಓದುತ್ತಿದ್ದರೆ, ಇದೂ ಒಂದು ಸುದ್ದಿಯಾ ಅನ್ನುತ್ತೀರಿ. ದೆಹಲಿ ಪಕ್ಕದ ಫರೀದಾಬಾದಿನಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರುವವನಿಗೆ ಅದೇ ಹವಾಮಾನ ವರದಿ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ ಸದಾ ಇರುತ್ತದೆ. ತಲೆಗೆ ಹಚ್ಚಿಕೊಳ್ಳಲು ಅಂದುಕೊಳ್ಳಬೇಡಿ, ಹಚ್ಚುವಂಥದ್ದು ನನ್ನ ತಲೆಯ ಮೇಲೆ ಏನೂ ಉಳಿದಿಲ್ಲ. ಎಣ್ಣೆ ಸ್ವಲ್ಪ ಕದಡಿದಂತಿದ್ದರೆ ಹಿಟ್ಟಿನ ಡ್ರಮ್ಮುಗಳಿಗೆ ಒಂದು ಕಂಬಳಿ. ಬೆಳ್ಳಗಾಗಿದ್ದರೆ ರಜಾಯಿ. ಚಮಚದ ಹಿಡಿ ಚುಚ್ಚಿದರೂ ಒಳಗೆ ಇಳಿಯದಿದ್ದರೆ ಎರಡು ರಜಾಯಿ ಹೊದಿಸಿ, ಪಕ್ಕದಲ್ಲಿ ಹೀಟರ್ ಇಟ್ಟು, ಊರಿನ ಆಂಜನೇಯನನ್ನು ನೆನೆಯಬೇಕು. ಇಲ್ಲಿಯ ಚಳಿಯಲ್ಲಿ ಹಿಟ್ಟು ಉಬ್ಬಿಸುವುದೆಂದರೆ ಮುನಿಸಿಕೊಂಡ ಮಗುವನ್ನು ಎಬ್ಬಿಸಿ ಸ್ಕೂಲಿಗೆ ಹೊರಡಿಸಿದ ಹಾಗೆ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಈಗ ಸಾಕಾಗಿದೆ, ನಿಜ ಹೇಳುತ್ತೇನೆ.

ಚಮಚ ಇಳಿಯಲಿಲ್ಲ. ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಫೋನ್ ತೆಗೆದುಕೊಂಡಿತು. "ರಾಮವೀರ್, ತೇಲ್ ಪತ್ಥರ್" ಅನ್ನಬೇಕು, ಎಣ್ಣೆ ಕಲ್ಲಾಗಿದೆ ಅಂತ. ಅಷ್ಟು ಹೇಳಿದರೆ ಸಾಕು, ನಮ್ಮ ಡ್ರೈವರ್ ಹತ್ತು ನಿಮಿಷ ಮುಂಚೆ ಬಂದು ಪಿಕಪ್ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡುತ್ತಿದ್ದ. ಫೋನ್ ಕಿವಿಗಿಟ್ಟುಕೊಳ್ಳುವ ಹೊತ್ತಿಗೆ ಬುದ್ಧಿ ಬಂತು. ರಾಮವೀರ ಇಲ್ಲಿಲ್ಲ, ಪಿಕಪ್ಪೂ ಇಲ್ಲ. ಇಬ್ಬರೂ ಊರು ಬಿಟ್ಟು ಹತ್ತು ತಿಂಗಳಾಯಿತು. ಹೊರಗೆ ನಿಂತಿರುವುದು ಹೊಸ ಸಿಎನ್‌ಜಿ ಗಾಡಿ. ಅದಕ್ಕೆ ನಾನು ಏನೂ ಹೇಳಬೇಕಾಗಿಯೂ ಇಲ್ಲ, ಅದು ಕೇಳುವುದೂ ಇಲ್ಲ.

ಫೋನನ್ನು ಕೆಳಗಿಟ್ಟೆ. ಬಾಲ್ಕನಿಯ ಮೂಲೆಯಲ್ಲಿರುವ ರಟ್ಟಿನ ಡಬ್ಬಿ ಕಣ್ಣಿಗೆ ಬಿತ್ತು. ಅದರ ಕಥೆ ಹೇಳಬೇಕೆಂದರೆ ರಾಮವೀರನಿಂದಲೇ ಶುರು ಮಾಡಬೇಕು.

ಪಿಕಪ್ ತಂದ ದಿನದಿಂದ ಅದನ್ನು ಓಡಿಸಿದವನು ಅವನೊಬ್ಬನೇ. ಬೆಳಗಿನ ಐದಕ್ಕೆ ಹಿಟ್ಟಿನ ಡ್ರಮ್ಮು ಹೇರಿಕೊಂಡು ಹೊರಟರೆ, ಹುಡುಗರ ಹಾಸ್ಟೆಲ್ಲು, ಆಫೀಸುಗಳ ಕ್ಯಾಂಟೀನು, ಕರೋಲ್ ಬಾಗಿನ ಎರಡು ಸಣ್ಣ ಹೋಟೆಲು, ಚಾಣಕ್ಯಪುರಿಯ ಒಂದು ಅಡುಗೆಮನೆ, ಎಲ್ಲ ಮುಗಿಸಿ ಹತ್ತಕ್ಕೆ ವಾಪಸ್. ನನ್ನ ಹೆಂಡತಿ ವನಜಳನ್ನು 'ಅಮ್ಮಾ' ಅನ್ನುತ್ತಿದ್ದ, ನನ್ನನ್ನು 'ಬಾಬೂಜಿ'. ಹತ್ತು ವರ್ಷದಲ್ಲಿ ಅವನು ಕಲಿತ ಕನ್ನಡ ಮೂರು ಮಾತು: ಹಿಟ್ಟು, ಬೇಗ, ಸಾಕು. ವ್ಯಾಪಾರಕ್ಕೆ ಅಷ್ಟು ಧಾರಾಳ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ ಮೊದಲ ವರ್ಷ "ಒಳ್ಳೆ ಶಿಕಂಜಿ ಹಾಳಾಯ್ತು" ಅಂದಿದ್ದ, ಶಿಕಂಜಿ ಅಂದರೆ ಅವರ ಕಡೆಯ ನಿಂಬೆ ಪಾನಕ. ಮೂರನೆಯ ವರ್ಷಕ್ಕೆ ಅವನೇ ನಾಲ್ಕು ಗಟ್ಟಿ ನಿಂಬೆಹಣ್ಣು ಆರಿಸಿಕೊಂಡು ಬಂದ. (ಅವನು ಆಡಿದ್ದು ಹಿಂದಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಇಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷದ ಆಯಸ್ಸು. ಆಮೇಲೆ ಅದು ಎಷ್ಟೇ ಗಟ್ಟಿಮುಟ್ಟಾಗಿರಲಿ, ಈ ಊರಿನ ರಸ್ತೆಗೆ ಬೇಡ. ಕಾನೂನು ಒಂದು ತಿಂಗಳು ಬಿಗಿ, ಒಂದು ತಿಂಗಳು ಸಡಿಲ. ಪೇಪರ್ ಓದಿ ಓದಿ ನನಗಂತೂ ಸುಸ್ತು. ಹೊಗೆಯ ದಿನಗಳಲ್ಲಿ ಕೆಮ್ಮುವವನೂ ನಾನೇ ಆದ್ದರಿಂದ ಅದರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು. ನಮ್ಮ ಪಿಕಪ್ಪಿಗೆ ಕಳೆದ ಫೆಬ್ರವರಿಗೆ ಹತ್ತು ತುಂಬುತ್ತಿತ್ತು. ಅದಕ್ಕಿದ್ದದ್ದು ಎರಡೇ ದಾರಿ. ದೂರದ ಜಿಲ್ಲೆಗೆ ಒಯ್ಯಲು ಎನ್‌ಒಸಿ ತೆಗೆದುಕೊಳ್ಳುವುದು, ಇಲ್ಲವೇ ಗುಜರಿಗೆ ಹಾಕುವುದು.

ದೀಪಾವಳಿಯ ಮರುದಿನ ರಾಮವೀರ ಟೀ ಕುಡಿದು ಲೋಟ ತೊಳೆದಿಟ್ಟ. ಆಮೇಲೆ ಹೇಳಿದ. "ಬಾಬೂಜಿ, ಗುಜರಿಗೆ ಹಾಕಬೇಡಿ. ನನಗೆ ಕೊಡಿ. ನಮ್ಮೂರು ಅಲೀಗಢದ ಆಚೆ, ಅಲ್ಲಿ ಓಡಿಸಬಹುದು. ಹಾಲಿನ ಕ್ಯಾನು ಹೊಡೀತೀನಿ. ನನಗೂ ಇನ್ನು ಈ ಟ್ರಾಫಿಕ್ಕು ಆಗಲ್ಲ."

ಕೊಡಲು ನನಗೇನು? ಸಂತೋಷವೇ. ಆದರೆ ಎನ್‌ಒಸಿ ಬೇಕೆಂದರೆ ಗಾಡಿ ಹೊಗೆ ಪರೀಕ್ಷೆಯಲ್ಲಿ ಪಾಸಾಗಬೇಕು. ಅದು ಆ ಚಳಿಗಾಲದಲ್ಲಿ ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲು ಬಿಳಿ ಹೊಗೆ, ಆಮೇಲೆ ಕರಿ ಹೊಗೆ ಬಿಟ್ಟು, ಎದುರು ಮನೆಯವರು ಕಿಟಕಿ ಹಾಕಿಕೊಳ್ಳುವಷ್ಟು ಕೆಮ್ಮುತ್ತಿತ್ತು. ಪರೀಕ್ಷೆಯಲ್ಲಿ ಫೇಲಾದರೆ ಗುಜರಿಯೇ ಗತಿ. ರಾಮವೀರನ ಹಾಲಿನ ಕ್ಯಾನಿಗೆ ಕಲ್ಲು ಬಿತ್ತು ಅಂತಲೇ ಅರ್ಥ.

ಹೀಗೆ ಚಿಂತೆ ಹತ್ತಿದ ಕಾಲಕ್ಕೆ ಸರಿಯಾಗಿ ಪೆಟ್ರೋಲ್ ಪಂಪಿನಲ್ಲಿ ಒಬ್ಬ ಟೈ ಕಟ್ಟಿದ ಹುಡುಗ ಕೈಯಲ್ಲಿ ಒಂದು ಕೆಂಪು ಬಾಟಲಿ ಹಿಡಿದು ಸಿಕ್ಕಿದ. ಡೀಸೆಲ್ಲಿಗೆ ಬೆರೆಸುವ ಅಡಿಟಿವ್. ಇಂಜೆಕ್ಟರ್ ತೊಳೆಯುತ್ತದೆ, ಹೊಗೆ ಕಡಿಮೆ ಮಾಡುತ್ತದೆ, ಮೈಲೇಜ್ ಏರಿಸುತ್ತದೆ, ಚಳಿಯಲ್ಲಿ ಡೀಸೆಲ್ ಗಟ್ಟಿಯಾಗದ ಹಾಗೆ ನೋಡಿಕೊಳ್ಳುತ್ತದೆ ಅಂದ. ಆ ಕೊನೆಯ ಮಾತು ನನ್ನನ್ನು ಹಿಡಿದುಹಾಕಿತು. ಅವತ್ತು ಬೆಳಿಗ್ಗೆ ಕೊಬ್ಬರಿ ಎಣ್ಣೆಯಲ್ಲಿ ಚಮಚ ಇಳಿದಿರಲಿಲ್ಲ! ಅಡುಗೆಮನೆಯೊಳಗಿನ ಎಣ್ಣೆಯೇ ಕಲ್ಲಾದರೆ ಬಯಲಲ್ಲಿ ನಿಂತ ಗಾಡಿಯ ಹೊಟ್ಟೆಯೊಳಗಿನ ಎಣ್ಣೆಯ ಗತಿಯೇನು? ತಿಪಟೂರಿನಲ್ಲಿ ಹುಟ್ಟಿ ಬೆಳೆದವನ ಬುದ್ಧಿಗೆ ತೆಂಗಿನ ಆಚೆಗೆ ಪ್ರಪಂಚವಿಲ್ಲ. ಒಂದು ಬಾಟಲಿ ಕೊಂಡೆ.

ಆಮೇಲೆ ಎಲ್ಲರನ್ನೂ ಕೇಳಿದೆ. ಕೊಂಡಮೇಲೆ ಕೇಳುವುದು ನನ್ನ ಪದ್ಧತಿ.

ಮೆಕ್ಯಾನಿಕ್ ಇಕ್ಬಾಲ್ ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮ ನಾರಿಯಲ್ ತೇಲ್ ಫ್ಯಾನು ನಿಲ್ಲಿಸಿದ ತಿಂಗಳಿಗೇ ಗಟ್ಟಿಯಾಗುತ್ತೆ ಸಾಬ್. ಡೀಸೆಲ್ ಗಟ್ಟಿಯಾಗಬೇಕಾದರೆ ಹಿಮ ಬೀಳೋ ಕಡೆ ಬೆಟ್ಟ ಹತ್ತಬೇಕು. ಒಳ್ಳೆ ಪಂಪಲ್ಲಿ ಡೀಸೆಲ್ ಹಾಕ್ಸಿ, ಫಿಲ್ಟರ್ ನೋಡ್ಕೊಳ್ಳಿ. ಬಾಟಲಿ ಗೀಟಲಿ ಬೇಡ."

ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ ಬೈದಳು. "ಪಪ್ಪಾ, ಮ್ಯಾನ್ಯುಅಲ್‌ನಲ್ಲಿ ಸಾಫ್ ಸಾಫ್ ಲಿಖಾ ಹೈ, ಏನೂ ಮಿಕ್ಸ್ ಮಾಡಬಾರ್ದು ಅಂತ. ನೀವು ಪಢ್ತೇ ಕ್ಯೂಂ ನಹೀ, ಓದೋದೇ ಇಲ್ವಾ?"

ವನಜ ಮಾತ್ರ ಬೈಯಲಿಲ್ಲ. ಹಿಟ್ಟಿಗೆ ಉಪ್ಪು ಹಾಕುತ್ತಾ ಹೇಳಿದಳು. "ರೀ, ನಮ್ಮ ಗೋಡೆ ಮೇಲೆ ಏನು ಬರ್ಸಿದೀರಿ?"

ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಭಾಷೆಯಲ್ಲಿ ಬರೆಸಿದ್ದೇನೆ: ನಮ್ಮ ಹಿಟ್ಟಿಗೆ ಸೋಡ ಹಾಕುವುದಿಲ್ಲ.

"ಹಿಟ್ಟು ಉಬ್ಬದಿದ್ರೆ ಸೋಡ ಹಾಕೋದು ಮೋಸ, ಕಾಯ್ಬೇಕು, ರಜಾಯಿ ಹೊದಿಸಬೇಕು ಅಂತ ಊರಿಗೆಲ್ಲ ಉಪದೇಶ. ಗಾಡಿ ಕೆಮ್ಮಿದ್ರೆ ಸೋಡ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

ಆದರೂ ವಾರಕ್ಕೊಂದು ಬಾಟಲಿ ಕೊಂಡೆ. ಯಾಕೆ ಅಂದರೆ, ರಾಮವೀರ ದಿನಾ ಬೆಳಿಗ್ಗೆ ಕೀಲಿ ತಿರುಗಿಸುವಾಗ ಅವನ ಮುಖ ನೋಡಲು ನನಗಾಗುತ್ತಿರಲಿಲ್ಲ. ಏನಾದರೂ ಮಾಡಬೇಕಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಅನ್ನುತ್ತಾರೆ. ದಡದಲ್ಲಿ ನಿಂತು ನೋಡುವವನಿಗೂ ಒಂದು ಹುಲ್ಲುಕಡ್ಡಿ ಬೇಕು, ಎಸೆಯಲಿಕ್ಕೆ.

ಇದರಲ್ಲಿ ದೊಡ್ಡ ತಮಾಷೆಯೇನೆಂದರೆ, ನಾನು ಕಾಂಪೌಂಡರನ ಮಗ. ಕೆಂಪು ಬಾಟಲಿಗಳ ಗುಟ್ಟು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ಅಪ್ಪ ತಿಪಟೂರಿನ ಒಬ್ಬ ಡಾಕ್ಟರ ಶಾಪಿನಲ್ಲಿ ಮೂವತ್ತು ವರ್ಷ ಔಷಧಿ ಬೆರೆಸಿದರು. ಸ್ಕೂಲು ಬಿಟ್ಟಮೇಲೆ ನಾನು ಅಲ್ಲೇ. ಸಂತೆಯ ದಿನ ಹೆಂಗಸರು ಸೆರಗಿನಲ್ಲಿ ಖಾಲಿ ಬಾಟಲಿ ಮುಚ್ಚಿಕೊಂಡು ಬರುತ್ತಿದ್ದರು. ಮಾತ್ರೆ ಕೊಟ್ಟರೆ ಸಮಾಧಾನವಿಲ್ಲ. "ಕಾಂಪೌಂಡರ್ ಸ್ವಾಮಿ, ಕೆಂಪು ಔಷ್ದಿ ಹಾಕ್ಕೊಡಿ" ಅನ್ನುವುದು. ಅಪ್ಪ ಹಾಕಿಕೊಡುತ್ತಿದ್ದರು. ನೀರು, ಒಂದಿಷ್ಟು ಸಿಹಿ, ಬಣ್ಣ, ಓಮದ ವಾಸನೆ. ಕುಡಿದವರು ಮುಂದಿನ ಸಂತೆಗೆ ನಗುನಗುತ್ತಾ ಬಂದು ಒಂದು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದರು.

ನನ್ನ ಕೆಲಸ ಚೀಟಿ ಕತ್ತರಿಸುವುದು. ಬಿಳಿ ಕಾಗದವನ್ನು ಉದ್ದಕ್ಕೆ ಮಡಿಚಿ, ಅಂಚಿನಲ್ಲಿ ಕತ್ತರಿಯಿಂದ ಹಲ್ಲುಹಲ್ಲಾಗಿ ಕಚ್ಚು ಹಾಕಿ ಬಿಡಿಸಿದರೆ ಏಣಿಯಂಥ ಪಟ್ಟಿ. ಅದನ್ನು ಮೈದಾ ಅಂಟಿನಿಂದ ಬಾಟಲಿಯ ಪಕ್ಕಕ್ಕೆ ಅಂಟಿಸಬೇಕು. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ತಿಳಿಯುತ್ತಿತ್ತು. ಅಂಟು ರುಚಿಯಾಗಿರುತ್ತಿತ್ತು ಅನ್ನುವುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನಿಜವಾಗಿ ಕಾಯಿಲೆ ಬಿದ್ದವರಿಗೆ ಮಾತ್ರ ಅಪ್ಪ ಕೆಂಪು ನೀರು ಕೊಡುತ್ತಿರಲಿಲ್ಲ. "ಇದು ನನ್ನ ಬಾಟಲಿಗೆ ಬಗ್ಗೋದಲ್ಲ ತಾಯಿ, ತುಮಕೂರಿಗೆ ಕರ್ಕೊಂಡ್ ಹೋಗು" ಅಂದುಬಿಡುತ್ತಿದ್ದರು. ಆ ಮಾತು ಕೇಳಿದ ಹೆಂಗಸರ ಮುಖ ನನಗೆ ಇವತ್ತಿಗೂ ನೆನಪಿದೆ.

ಅಪ್ಪ ಕೊನೆಗಾಲಕ್ಕೆ ನಮ್ಮ ಜೊತೆ ಫರೀದಾಬಾದಿನಲ್ಲಿದ್ದರು. ಪಿಕಪ್ ಬಂದು ಮೂರು ವರ್ಷವಾಗಿತ್ತು. ಒಂದು ಜನವರಿ ಬೆಳಿಗ್ಗೆ ಉಸಿರಾಡಲು ಕಷ್ಟವಾದಾಗ ರಾಮವೀರನೇ "ಬಾಬಾ, ಬಾಬಾ" ಅನ್ನುತ್ತಾ ಹಿಟ್ಟಿನ ರಜಾಯಿಯಲ್ಲಿ ಅವರನ್ನು ಸುತ್ತಿ, ಮಗುವಿನಂತೆ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ. ವಾರದ ಮೇಲೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ಮಾಡುವುದು ಇನ್ನೇನೂ ಇಲ್ಲ ಅನ್ನುವುದನ್ನು ಅವರು ಬಹಳ ಮರ್ಯಾದೆಯಿಂದ ಹೇಳಿದರು. ಬರುವ ದಾರಿಯಲ್ಲಿ ಪಿಕಪ್ ನಿಲ್ಲಿಸಿ ನಾನು ಮೆಡಿಕಲ್ ಶಾಪಿಗೆ ಹೋಗಿ ಒಂದು ಟಾನಿಕ್ ಬಾಟಲಿ ಕೊಂಡೆ. ಬರಿಗೈಯಲ್ಲಿ ಮನೆಗೆ ಹೋಗಲು ಧೈರ್ಯ ಬರಲಿಲ್ಲ.

ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು. ಸಣ್ಣಗೆ ನಕ್ಕರು. ಕತ್ತರಿ, ಕಾಗದ ಕೇಳಿದರು. ನಡುಗುವ ಕೈಯಲ್ಲಿ ತಾವೇ ಕಚ್ಚು ಹಾಕಿ, ರಾಮವೀರನ ಕೈಯಲ್ಲಿ ಬಾಟಲಿ ಹಿಡಿಸಿ, ಪಟ್ಟಿ ಅಂಟಿಸಿದರು. ಅಂಟಿಗೆ ವನಜ ಇಡ್ಲಿ ಹಿಟ್ಟನ್ನೇ ಕೊಟ್ಟಿದ್ದಳು.

"ಇದ್ರಲ್ಲಿ ಏನೂ ಇಲ್ಲ ಕಣೋ" ಅಂದರು ನನಗೆ.

ನಾನು ಮುಚ್ಚಳ ಬಿಚ್ಚತೊಡಗಿದ್ದೆ.

"ಆದ್ರೂ ಹೊತ್ತುಹೊತ್ತಿಗೆ ಕೊಡು, ಕುಡೀತೀನಿ. ಕೊಡೋನಿಗೂ ಒಂದು ಔಷ್ದಿ ಬೇಕಲ್ಲಪ್ಪ."

ಆರನೆಯ ಕಚ್ಚಿನವರೆಗೆ ಕುಡಿದರು.

ಇಷ್ಟೆಲ್ಲ ಗೊತ್ತಿದ್ದವನು ಡೀಸೆಲ್ಲಿಗೆ ಕೆಂಪು ಬಾಟಲಿ ಕೊಂಡೆನಲ್ಲ, ಏನು ಹೇಳಲಿ. ಸಾಲದ್ದಕ್ಕೆ ಪ್ರತಿ ಬಾಟಲಿಗೂ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿದೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಒಂದು ಕಚ್ಚು ಅಂತ ರಾಮವೀರನಿಗೆ ಪಾಠ ಮಾಡಿದೆ. ಅವನು ಪಟ್ಟಿಯನ್ನು ಬೆರಳಿನಿಂದ ಸವರಿ, "ಠೀಕ್ ಹೈ ಬಾಬೂಜಿ" ಅಂದು ಬಾಟಲಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡ.

ಒಂದು ವಾರದ ಮೇಲೆ ಕೇಳಿದೆ. "ಹೇಗಿದೆ?"

"ಬಹುತ್ ಫರಕ್ ಹೈ, ಬಾಬೂಜಿ." ಬಹಳ ವ್ಯತ್ಯಾಸ ಇದೆ ಅಂದ.

ವ್ಯತ್ಯಾಸ ನನಗೂ ಕಾಣತೊಡಗಿತು, ಸುಳ್ಳು ಯಾಕೆ ಹೇಳಲಿ. ಡಿಸೆಂಬರಿನ ಹೊತ್ತಿಗೆ ಗಾಡಿ ಒಂದೇ ಕೀಲಿಗೆ ಸ್ಟಾರ್ಟ್ ಆಗುತ್ತಿತ್ತು. ಹೊಗೆ ತೆಳ್ಳಗಾಯಿತು. ಎದುರು ಮನೆಯವರ ಕಿಟಕಿ ತೆರೆದೇ ಇರುತ್ತಿತ್ತು. ನಾನು ಬಾಲ್ಕನಿಯಲ್ಲಿ ನಿಂತು ಇಂಜಿನ್ ಸದ್ದು ಕೇಳಿ, "ಕೇಳಿದ್ಯಾ ವನಜ, ಏನು ಸ್ಮೂತು!" ಅನ್ನುವುದು. ಅವಳು "ನಿಮ್ಮ ತಲೆ" ಅನ್ನುವುದು. ಇಕ್ಬಾಲ್ ಭಾಯಿಗೆ ಹೋಗಿ ಡೀಸೆಲ್ ವಿಜ್ಞಾನದ ಮೇಲೆ ಅರ್ಧ ಗಂಟೆ ಭಾಷಣ ಬಿಗಿದು ಬಂದೆ. ಅವನು ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡು ರಾಮವೀರನ ಮುಖ ನೋಡಿದ. ರಾಮವೀರ ಆಕಾಶ ನೋಡಿದ. ನನಗೆ ಆಗಲೂ ಹೊಳೆಯಲಿಲ್ಲ.

ಜನವರಿಯ ಕೊನೆಗೆ ಹೊಗೆ ಪರೀಕ್ಷೆ. ಸೈಲೆನ್ಸರಿನೊಳಗೆ ನಳಿಗೆ ತೂರಿಸಿ ಪರೀಕ್ಷೆ ಮಾಡುವ ಹುಡುಗ ಆಕ್ಸಿಲರೇಟರ್ ಒತ್ತು ಅಂದಾಗ ರಾಮವೀರ ಸ್ಟೀರಿಂಗ್ ಬಿಗಿಯಾಗಿ ಹಿಡಿದು ಒತ್ತಿದ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಪಾಸ್! ರಾಮವೀರ ಕೆಳಗಿಳಿದು ಬಾನೆಟ್ಟಿಗೆ ಹಣೆ ಮುಟ್ಟಿಸಿದ. ನಾನು ಅವನ ಬೆನ್ನು ತಟ್ಟಿ, "ನೋಡಿದ್ಯಾ ನನ್ನ ದವಾಯಿ!" ಅಂದೆ. ಸ್ವಲ್ಪವಾದರೂ ನಾಚಿಕೆ ಇರಬೇಕಿತ್ತು ನನಗೆ.

ಫೆಬ್ರವರಿಯಲ್ಲಿ ಕಾಗದಪತ್ರ ಬಂತು. ಅವನು ಹೊರಡುವ ಬೆಳಿಗ್ಗೆ ವನಜ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ದಾರಿಗೆ ಇಡ್ಲಿ ಚಟ್ನಿ ಕಟ್ಟಿಕೊಟ್ಟಳು. ಇಟ್ಟಷ್ಟೂ ಸಾಲದೆಂದು ಮತ್ತೆ ಮತ್ತೆ ಒಳಗೆ ಹೋಗಿ ಬರುತ್ತಿದ್ದಳು. ರಾಮವೀರ "ಸಾಕು ಅಮ್ಮಾ, ಸಾಕು" ಅನ್ನುತ್ತಿದ್ದ, ಕನ್ನಡದಲ್ಲೇ. ಆಮೇಲೆ ಸೀಟಿನ ಕೆಳಗೆ ಕೈಹಾಕಿ ಒಂದು ರಟ್ಟಿನ ಡಬ್ಬಿ ಎಳೆದು ನನ್ನ ಮುಂದಿಟ್ಟ.

ಹನ್ನೊಂದು ಬಾಟಲಿ. ಒಂದರ ಮುಚ್ಚಳವೂ ಬಿಚ್ಚಿರಲಿಲ್ಲ. ಹನ್ನೊಂದು ಪಟ್ಟಿಗಳಲ್ಲೂ ಕೆಂಪು ಔಷಧಿ ಮೇಲಿನ ಕಚ್ಚಿಗೇ ನಿಂತಿತ್ತು.

ನಾನು ಬಾಟಲಿ ನೋಡಿದೆ, ಅವನನ್ನು ನೋಡಿದೆ. "ಮತ್ತೆ ಹೊಗೆ ಹೇಗೆ ಹೋಯ್ತು?"

ತಲೆ ತಗ್ಗಿಸಿ ಹೇಳಿದ. ಇಕ್ಬಾಲ್ ಭಾಯಿ ಬಾಟಲಿ ಹಾಕಬೇಡ ಅಂದಿದ್ದನಂತೆ. ಫಿಲ್ಟರಿನ ಕೆಳಗೆ ನೀರು ಕೂಡಿಕೊಂಡಿರುತ್ತದೆ, ವಾರಕ್ಕೊಮ್ಮೆ ತಿರುಪು ಸಡಿಲಿಸಿ ಬಸಿಯಬೇಕು ಅಂತ ತೋರಿಸಿಕೊಟ್ಟಿದ್ದನಂತೆ. ರಾಮವೀರ ಪ್ರತಿ ಭಾನುವಾರ, ನಾವು ತಿಂಡಿ ತಿನ್ನುವ ಹೊತ್ತಿನಲ್ಲಿ, ಆ ಚಳಿಯಲ್ಲಿ ಗಾಡಿಯಡಿ ಮಲಗಿ ನೀರು ಬಸಿದಿದ್ದ. ಇಬ್ಬರೂ ಸೇರಿ ಫಿಲ್ಟರ್ ಬದಲಿಸಿದ್ದರು, ಇಂಜೆಕ್ಟರ್ ಬಿಚ್ಚಿ ತೊಳೆಸಿದ್ದರು.

ನನಗೆ ಸಿಟ್ಟು ಬಂತು. "ಒಂದು ಮಾತು ಹೇಳೋಕೆ ಏನಾಗಿತ್ತು? ಫರಕ್ ಹೈ, ಫರಕ್ ಹೈ ಅಂತ ಮೂರು ತಿಂಗಳು ನನ್ನ ಕುಣಿಸಿದೆಯಲ್ಲೋ!"

"ನೀವು ಎಷ್ಟು ಖುಷಿಯಲ್ಲಿದ್ರಿ ಬಾಬೂಜಿ."

"ಬೇಡದಿದ್ರೆ ಬಿಸಾಡಬಹುದಿತ್ತು."

ಅವನು ಒಂದು ಬಾಟಲಿ ಎತ್ತಿ, ಪಟ್ಟಿಯನ್ನು ಬೆರಳಿನಿಂದ ಸವರಿದ. "ಬಾಬಾನ ಬಾಟಲಿಗೂ ಇಂಥದ್ದೇ ಪರ್ಚಿ ಇತ್ತು. ಅವತ್ತು ನಾನೇ ಹಿಡಿದುಕೊಂಡಿದ್ದೆ. ಇದನ್ನ ಹೇಗೆ ಬಿಸಾಡಲಿ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ವನಜ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ರಾಮವೀರ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದ. "ಒಂದು ಕಚ್ಚು ಹಾಕಿ ಬಾಬೂಜಿ. ನಿಮ್ಮ ಕೈಯಿಂದ."

"ಮ್ಯಾನ್ಯುಅಲ್‌ನಲ್ಲಿ ಬೇಡ ಅಂದಿದೆ" ಅಂದೆ.

"ಒಂದು ಸಲಕ್ಕೆ ಏನಾಗಲ್ಲ, ಇಕ್ಬಾಲನ್ನ ಕೇಳಿಕೊಂಡಿದೀನಿ. ಹಾಕಿ."

ಕೇಳಿಕೊಂಡು ಬಂದಿದ್ದ, ಪುಣ್ಯಾತ್ಮ. ಒಂದು ಕಚ್ಚಿನಷ್ಟು ಸುರಿದೆ. ಸ್ವಲ್ಪ ಹೊರಗೆ ಚೆಲ್ಲಿತು. ಆ ಬಾಟಲಿಯನ್ನು ಅವನು ಮುಚ್ಚಳ ಬಿಗಿದು ತನ್ನ ಚೀಲಕ್ಕೆ ಹಾಕಿಕೊಂಡ. ನಿಂಬೆಹಣ್ಣು ಪಚಕ್ಕೆಂದಿತು, ಗಾಡಿ ಸೆಕ್ಟರಿನ ಗೇಟು ದಾಟಿ ತಿರುಗಿತು. ಹೊಗೆ ಕಾಣಲಿಲ್ಲ.

ಉಳಿದ ಹತ್ತು ಬಾಟಲಿಯ ಡಬ್ಬಿಯೇ ಬಾಲ್ಕನಿಯಲ್ಲಿರುವುದು. "ಇದನ್ನೇನು ಮಾಡೋಣ ಅಂತಿದೀರಿ?" ಎಂದು ವನಜ ತಿಂಗಳಿಗೊಮ್ಮೆ ಕೇಳುತ್ತಾಳೆ. ಧೂಳು ಒರೆಸಿ ಅಲ್ಲೇ ಇಡುವವಳೂ ಅವಳೇ.

ಇವತ್ತು ಬೆಳಿಗ್ಗೆ, ಕಲ್ಲಾದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪ ಹೊತ್ತು ತಡೆದು ಫೋನ್ ಮಾಡಿಯೇಬಿಟ್ಟೆ. ಎರಡನೆಯ ರಿಂಗಿಗೆ ಎತ್ತಿದ. ಹಿಂದೆ ಎಮ್ಮೆ ಕೂಗುತ್ತಿತ್ತು.

"ರಾಮವೀರ್, ತೇಲ್ ಪತ್ಥರ್" ಅಂದೆ.

ಆ ಕಡೆ ಅವನು ನಕ್ಕ. ಅಮ್ಮ ಹೇಗಿದ್ದಾರೆ, ಹಿಟ್ಟು ಹೇಗಿದೆ ಅಂತೆಲ್ಲ ಕೇಳಿದ. ಗಾಡಿ ಹೇಗಿದೆ ಎಂದು ಕೇಳಲು ನನಗೆ ಯಾಕೋ ಭಯ. ಅವನೇ "ತಡೀರಿ" ಅಂದು ನಡೆದ. ಬಾಗಿಲು ತೆಗೆದ ಸದ್ದು. ಕೀಲಿ ತಿರುಗಿಸಿದ, ಹಿಡಿಯಲಿಲ್ಲ. ಇನ್ನೊಮ್ಮೆ, ಹಿಡಿಯಲಿಲ್ಲ. ನಾನು ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರನೆಯ ಸಲ ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಹಳೆಯ ಸದ್ದಿನಲ್ಲಿ ಗುಡುಗುಟ್ಟತೊಡಗಿತು. ಚೆನ್ನಾಗಿಯೇನೂ ಇರಲಿಲ್ಲ ಆ ಸದ್ದು. ವಯಸ್ಸಾದ ಇಂಜಿನ್ನು, ನನಗೆ ಗೊತ್ತಾಗದೆ ಇರುತ್ತದೆಯೇ.

"ಸುನಾ, ಬಾಬೂಜಿ?" ಇಂಜಿನ್ನಿನ ಮೇಲೆ ಕೂಗಿದ. "ನಿಮ್ಮ ದವಾಯಿ! ಬಹುತ್ ಫರಕ್ ಹೈ!"

ಹತ್ತು ತಿಂಗಳ ಹಿಂದೆ ಹಾಕಿದ ಒಂದೇ ಒಂದು ಕಚ್ಚು. ಅದು ಅಲೀಗಢ ತಲುಪುವ ಮೊದಲೇ ಉರಿದುಹೋಗಿದೆ ಅನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು.

"ಹೌದಪ್ಪ" ಅಂದೆ, ಅವನಿಗೆ ಅರ್ಥವಾಗದ ಕನ್ನಡದಲ್ಲಿ. ಆಮೇಲೆ ಹಿಂದಿಯಲ್ಲಿ, ಅವನಿಗೆ ಕೇಳುವಷ್ಟು ಜೋರಾಗಿ ಹೇಳಿದೆ. "ಫರಕ್ ಇದೆ ರಾಮವೀರ್. ಇಲ್ಲಿಗೂ ಕೇಳಿಸ್ತಾ ಇದೆ."